ಆಮೆಯ ರಕ್ತಕ್ಕೆ ಅರಸೀಕೆರೆಯ ಐಸು

ಅರಸೀಕೆರೆ ನಿಲ್ದಾಣದಲ್ಲಿ ರೈಲು ಕೆಟ್ಟು ನಿಂತಾಗ ನನ್ನ ಡಬ್ಬಿಯ ಮಂಜುಗಡ್ಡೆ ಕರಗಿ ನೀರಾಗಿತ್ತು. ಒಳಗಿದ್ದದ್ದು ಕರಾವಳಿಯಿಂದ ತಂದ ಕಡಲಾಮೆಯ ರಕ್ತದ ಸೀಸೆ. ಮೀನಿನ ಬಲೆಯಿಂದ ಬಿಡಿಸಿ ನಾನು ಚಿಕಿತ್ಸೆ ಕೊಡುತ್ತಿದ್ದ ಆ ಆಮೆಯನ್ನು ಮತ್ತೆ ಸಮುದ್ರಕ್ಕೆ ಬಿಡಬಹುದೇ ಎಂಬುದು ಬೆಂಗಳೂರಿನಲ್ಲಿ ಈ ರಕ್ತ ಪರೀಕ್ಷಿಸಿದರಷ್ಟೇ ತಿಳಿಯುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಐಸ್‌ಕ್ಯಾಂಡಿ ಮಾರುತ್ತಿದ್ದವರಿಗೆ ವಿಷಯ ಹೇಳಿದೆ.

“ರಕ್ತ ಅಂತ ಮೆಲ್ಲಗೆ ಹೇಳವ್ವಾ, ನನ್ನ ಕ್ಯಾಂಡಿ ಯಾರೂ ಮುಟ್ಟಾಕಿಲ್ಲ” ಎಂದ ಅವರು, ತಮ್ಮ ಪೆಟ್ಟಿಗೆಯ ಮಂಜುಗಡ್ಡೆಯನ್ನೆಲ್ಲ ಒಡೆದು ನನ್ನ ಡಬ್ಬಿಗೆ ತುಂಬಿದರು. ಕರಗತೊಡಗಿದ ಕ್ಯಾಂಡಿಗಳನ್ನು ಬೋಗಿಯ ಮಕ್ಕಳಿಗೆ ಹಂಚಿಬಿಟ್ಟರು.

ಬೆಂಗಳೂರು ತಲುಪಿದಾಗ ರಕ್ತ ಕೆಟ್ಟಿರಲಿಲ್ಲ. ಮುಂದಿನ ಸಲ ಅರಸೀಕೆರೆಯಲ್ಲಿ ಇಳಿದು ಅವರನ್ನು ಹುಡುಕಿದೆ. ನಾನು ಬಾಯಿ ತೆರೆಯುವ ಮೊದಲೇ, “ಸಮುದ್ರ ಸೇರ್ತೇನವ್ವಾ ನಿನ್ ಆಮೆ?” ಎಂದರು.

ಸೇರಿತು ಎಂದೆ. ಈಗಲೂ ಆಮೆಯ ರಕ್ತ ತೆಗೆಯುವಾಗ, ಅದರ ಕ್ಷೇಮ ಕೇಳುವವರೊಬ್ಬರು ಕಡಲಿಂದ ಅಷ್ಟು ದೂರದಲ್ಲಿದ್ದಾರೆ ಎಂಬುದು ನೆನಪಾಗುತ್ತದೆ.