ಹಿತ್ತಲ ಕಿಟಕಿ ತಟ್ಟುವ ನೀರುಗಂಟಿ

ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷ. ಒತೀಲಿಯಾ ಟ್ರುಹೀಯೊ ಕಾಲುವೆಯ ಏರಿಯ ಮೇಲೆ ನಡೆಯುತ್ತಿದ್ದಾರೆ. ಹೆಗಲ ಮೇಲೆ ಸಲಿಕೆ, ತಲೆಯ ಮೇಲೆ ಅಪ್ಪನ ಕಾಲದ ಹ್ಯಾಟು, ಮೊಣಕಾಲುದ್ದದ ರಬ್ಬರ್ ಬೂಟು. ಒಂದು ತೂಬಿನ ಬಳಿ ನಿಂತು ಹಲಗೆ ಎತ್ತುತ್ತಾರೆ. ಸಿಕ್ಕಿಕೊಂಡಿದ್ದ ಕಸಕಡ್ಡಿಯನ್ನು ಬೂಟಿನಿಂದ ಒದ್ದು ತೆಗೆಯುತ್ತಾರೆ. ನೀರು ಪಕ್ಕದ ಮೆಣಸಿನಕಾಯಿ ತಾಕಿಗೆ ನುಗ್ಗುತ್ತದೆ. ಅಷ್ಟಕ್ಕೇ ಮುಗಿಯಿತು ಎಂದುಕೊಂಡರೆ ನೀವು ಈ ಕಣಿವೆಗೆ ಹೊಸಬರು. ಅವರು ತಾಕು ದಾಟಿ ಮನೆಯ ಹಿತ್ತಲಿಗೆ ಹೋಗಿ ಸಲಿಕೆಯ ಹಿಡಿಯಿಂದ ಒಂದು ಕಿಟಕಿಯನ್ನು ಮೂರು ಸಲ ತಟ್ಟುತ್ತಾರೆ.

"ಏಳೋ ದೊರೆ! ಆರೂ ಮುಕ್ಕಾಲಿಗೆ ಬಸ್ಸು. ನಿಮ್ಮಪ್ಪನ ಮೆಣಸಿನ ಗಿಡ ಎದ್ದು ನೀರು ಕುಡೀತಾ ಇದೆ, ನೀನಿನ್ನೂ ಗೊರಕೆ ಹೊಡೀತಾ ಇದ್ದೀಯ!"

ಒಳಗಿನಿಂದ ನರಳಿದ ಸದ್ದು. "ಎದ್ದೆ, ಎದ್ದೆ."

"ಎದ್ದೆ ಅನ್ನೋರು ಮಲಗಿಕೊಂಡೇ ಅನ್ನೋದು. ದೀಪ ಹಾಕು, ನೋಡ್ತೀನಿ."

ದೀಪ ಹತ್ತುತ್ತದೆ. ಒತೀಲಿಯಾ ಮತ್ತೆ ಏರಿ ಹತ್ತಿ ಮುಂದಿನ ತೂಬಿನತ್ತ ನಡೆಯುತ್ತಾರೆ.

ಉತ್ತರ ನ್ಯೂ ಮೆಕ್ಸಿಕೋದ ಈ ಊರಿನಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಇದ್ದೇನೆ. ನನ್ನ ಹಿತ್ತಲಿನ ಏಪ್ರಿಕಾಟ್ ಮರಕ್ಕೂ ಇದೇ ಕಾಲುವೆಯ ನೀರು. ಯಾರ ಹೊಲಕ್ಕೆ ಯಾವಾಗ, ಎಷ್ಟು ಹೊತ್ತು ನೀರು ಎಂದು ಸರದಿ ನಿಗದಿ ಮಾಡುವುದು ನೀರುಗಂಟಿ ಒತೀಲಿಯಾ. ನಾಲ್ಕು ಮೈಲಿ ಕಾಲುವೆ, ಎಪ್ಪತ್ತೊಂದು ತೂಬು, ವಯಸ್ಸು ಅರವತ್ತನಾಲ್ಕು. ಇವಲ್ಲದೆ ಇನ್ನೊಂದು ಲೆಕ್ಕವಿದೆ. ಇಪ್ಪತ್ತಾರು ಕಿಟಕಿ. ಈ ಊರಿನ ಪುಟ್ಟ ಚಾರ್ಟರ್ ಹೈಸ್ಕೂಲಿಗೆ ಹೋಗುವ ಮಕ್ಕಳಲ್ಲಿ ಕಾಲುವೆಯ ಅಂಚಿನ ಮನೆಗಳವರು ಇಪ್ಪತ್ತಾರು ಜನ. ಅವರೆಲ್ಲರ ಹಿತ್ತಲೂ ಇವರಿಗೆ ಗೊತ್ತು.

ಚಾರ್ಟರ್ ಶಾಲೆಗೆ ಹಣ ಕೊಡುವುದು ಸರ್ಕಾರ, ನಡೆಸುವುದು ಊರಿನವರದೇ ಐದು ಜನರ ಮಂಡಳಿ. ಐದು ವರ್ಷಕ್ಕೊಮ್ಮೆ ಸರ್ಕಾರ ಪರವಾನಗಿ ನವೀಕರಿಸಬೇಕು, ಇಲ್ಲವಾದರೆ ಬೀಗ. ಆ ಐವರ ಹಿನ್ನೆಲೆ ಶಾಲೆಯ ವೆಬ್‌ಸೈಟಿನಲ್ಲಿ ಫೋಟೊ ಸಮೇತ ಇದೆ. ಅಧ್ಯಕ್ಷ ಎಲೋಯ್ ಗ್ರಿಯೆಗೊ, ಬ್ಯಾಂಕಿನ ನಿವೃತ್ತ ಮ್ಯಾನೇಜರು. ಡಯಾನ್ ಪ್ರೆಂಟಿಸ್, ವಕೀಲೆ. ಒಬ್ಬ ನರ್ಸು. ಬೆಟ್ಟದ ಮೇಲಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದ ಒಬ್ಬ ವಿಜ್ಞಾನಿ. ಕೊನೆಯಲ್ಲಿ ಹ್ಯಾಟಿನ ನೆರಳಿನಲ್ಲಿ ಮುಖ ಅರ್ಧ ಮುಚ್ಚಿದ ಫೋಟೊ: ಒತೀಲಿಯಾ ಟ್ರುಹೀಯೊ, ಮಂಡಳಿಯ ಕಾರ್ಯದರ್ಶಿ, ಕೌಂಟಿ ಹೈಸ್ಕೂಲಿನಲ್ಲಿ ತೇರ್ಗಡೆ, ೧೯೭೯.

ಆ ಕೊನೆಯ ಮಾತು ಸುಳ್ಳು. ಅದು ಗೊತ್ತಾದ ದಿನ ನಾನು ಅದೇ ಕೋಣೆಯಲ್ಲಿ ಕೂತಿದ್ದೆ.

ಮೊದಲು ಈ ಊರಿನ ಒಂದು ವಿಚಿತ್ರ ನಿಯಮ ಹೇಳಬೇಕು. ಮಂಡಳಿಯ ಐವರಲ್ಲಿ ಮೂವರು ಒಂದೆಡೆ ಸೇರಿ ಶಾಲೆಯ ಮಾತೆತ್ತಿದರೆ ಅದು ಸಭೆ. ಸಭೆಯೆಂದರೆ ಮೂರು ದಿನ ಮೊದಲೇ ನೋಟಿಸು ಅಂಟಿಸಬೇಕು, ಊರವರನ್ನು ಒಳಗೆ ಬಿಡಬೇಕು. ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಗುಟ್ಟಾಗಿ ಮಾತು ದಾಟಿಸುವುದೂ ತಪ್ಪು. ಹಾಗಾಗಿ ಕೆಫೆಯಲ್ಲಿ ಎಲೋಯ್ ಮತ್ತು ನರ್ಸು ಒಂದೇ ಮೇಜಿನಲ್ಲಿ ಬುರ್ರಿಟೊ ತಿನ್ನುತ್ತಿದ್ದಾಗ ವಿಜ್ಞಾನಿ ಒಳಗೆ ಬಂದರೆ, ನಮಸ್ಕಾರ ಹೇಳಿ ಬೇರೆ ಮೇಜಿಗೆ ಹೋಗುತ್ತಾರೆ. ಹೋದ ವರ್ಷ ಒಂದು ಸಾವಿನ ಪೂಜೆಯಲ್ಲಿ ಮೂವರು ಒಂದೇ ಬೆಂಚಿನಲ್ಲಿ ಕೂತದ್ದು ಕಂಡು ಪಾದ್ರಿಯೇ ಕೆಮ್ಮಿದರು. ಒತೀಲಿಯಾ ಎದ್ದು ಹಿಂದಿನ ಸಾಲಿಗೆ ಹೋದರು.

ಈ ಏಪ್ರಿಲ್‌ನಲ್ಲಿ ನವೀಕರಣದ ಹೊಸ ಫಾರಂ ಬಂತು. ಪ್ರತಿ ಸದಸ್ಯರೂ ತಮ್ಮ ಹಿನ್ನೆಲೆಯನ್ನು ಸ್ವಂತ ಕೈಯಿಂದ ಬರೆದು ಸಹಿ ಮಾಡಬೇಕು. ಮೊದಲೆಲ್ಲ ಗುಮಾಸ್ತೆ ಟೈಪು ಮಾಡಿದ್ದಕ್ಕೆ ಓದದೆ ಸಹಿ ಹಾಕಿದರೆ ಸಾಕಿತ್ತು. ಒತೀಲಿಯಾ 'ವಿದ್ಯಾಭ್ಯಾಸ' ಎಂಬ ಖಾನೆಯ ಮುಂದೆ ಹನ್ನೆರಡು ದಿನ ಕೂತರು.

"ಯಾರಿಗಾದರೂ ಹೇಳಬಹುದಿತ್ತಲ್ಲ?" ಎಂದು ಈಗ ಏರಿಯ ಮೇಲೆ ಅವರ ಜೊತೆ ನಡೆಯುತ್ತಾ ಕೇಳುತ್ತೇನೆ.

"ಯಾರಿಗೆ ಹೇಳಲಿ, ಮಿಹಾ?" ತನಗಿಂತ ಚಿಕ್ಕ ಹೆಂಗಸರೆಲ್ಲ ಅವರಿಗೆ ಮಿಹಾ, ಮಗಳು. "ಒಬ್ಬರಿಗೆ ಹೇಳಿದ್ರೆ ಅವರು ಬಾಯಿ ಬಿಡೋ ಹಂಗಿಲ್ಲ. ಅವರ ಹೊಟ್ಟೇಲಿ ಕಲ್ಲು ಇಟ್ಟಂಗೆ. ಇಬ್ಬರಿಗೆ ಹೇಳಿದ್ರೆ ನಾನೂ ಸೇರಿ ಮೂರು, ಸಭೆ ಆಗೋಯ್ತು. ಸಭೇಲೇ ಹೇಳೋದಾದ್ರೆ ಸರಿಯಾದ ಸಭೇಲೇ ಹೇಳೋಣ ಅಂತ."

ಏಪ್ರಿಲ್ ಕೊನೆಯ ಮಂಗಳವಾರ. ಶಾಲೆಯ ಊಟದ ಕೋಣೆ, ನಲವತ್ತು ಜನ. ಏಳನೇ ವಿಷಯ, ಸದಸ್ಯರ ಹಿನ್ನೆಲೆ. ಎರಡು ನಿಮಿಷದ ಕೆಲಸ ಎಂದು ಎಲೋಯ್ ಕನ್ನಡಕ ತೆಗೆದು ಒರೆಸುತ್ತಿದ್ದರು. ಒತೀಲಿಯಾ ಎದ್ದು ನಿಂತು ಹ್ಯಾಟು ತೆಗೆದರು. ಅವರು ಹ್ಯಾಟು ತೆಗೆದದ್ದನ್ನು ನಾನು ಚರ್ಚಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

"ನಾನು ಹೈಸ್ಕೂಲು ಮುಗಿಸಿಲ್ಲ. ಹತ್ತನೇ ಕ್ಲಾಸಿಗೆ ಬಿಟ್ಟೆ. ಹನ್ನೊಂದು ವರ್ಷದಿಂದ ನಿಮ್ಮ ಮಕ್ಕಳ ಸರ್ಟಿಫಿಕೇಟಿಗೆ ಸಹಿ ಹಾಕ್ತಾ ಇದ್ದೀನಿ. ನನ್ನ ಹತ್ರ ಅದು ಇಲ್ಲ."

ಎಲೋಯ್ ಕೈಯಲ್ಲಿದ್ದ ಕನ್ನಡಕ ಹಾಗೇ ಉಳಿಯಿತು. ನಾನೂರ ಮೂವತ್ತಾರು ಮಕ್ಕಳ ಪ್ರಮಾಣಪತ್ರದ ಮೇಲೆ, ಪ್ರಿನ್ಸಿಪಾಲರ ಹೆಸರಿನ ಪಕ್ಕದಲ್ಲಿ, ಈ ಹೆಂಗಸಿನ ಸಹಿಯಿದೆ. ನನ್ನ ಮಗಳದರ ಮೇಲೂ ಇದೆ. ಎರಡು ವರ್ಷದ ಹಿಂದೆ ಇದೇ ಮಂಡಳಿಯ ಬಗ್ಗೆ ಲೇಖನ ಬರೆದು 'ಅದೇ ಕೌಂಟಿಯಲ್ಲಿ ಓದಿ ತೇರ್ಗಡೆಯಾದ ಮಣ್ಣಿನ ಮಗಳು' ಎಂದು ಹೊಗಳಿದವಳು ನಾನೇ. ಒಂದು ಮಾತು ಕೇಳಿ ಖಚಿತಪಡಿಸಿಕೊಳ್ಳುವ ಬುದ್ಧಿ ನನಗೂ ಬಂದಿರಲಿಲ್ಲ.

ತಪ್ಪು ಹೇಗಾಯಿತು ಎಂದರೆ ನಗು ಬರುತ್ತದೆ, ಅಳುವೂ ಬರುತ್ತದೆ. ಈ ಊರಿನಲ್ಲಿ ಯಾರನ್ನೂ 'ಏನು ಓದಿದ್ದೀರಿ' ಎಂದು ಕೇಳುವುದಿಲ್ಲ, 'ಯಾವ ವರ್ಷದ ಬ್ಯಾಚು' ಎಂದು ಕೇಳುತ್ತಾರೆ. ಜೊತೆಗೆ ಸೇರಿದವರೆಲ್ಲ ಮುಗಿಸಬೇಕಾದ ವರ್ಷದ ಹೆಸರಿನ ಒಂದೇ ಬ್ಯಾಚು, ನಡುವೆ ಬಿಟ್ಟವರೂ ಅದೇ ಬ್ಯಾಚು. ಕೂಟ ನಡೆದರೆ ಎಲ್ಲರಿಗೂ ಕರೆ ಹೋಗುತ್ತದೆ. ಹನ್ನೊಂದು ವರ್ಷದ ಹಿಂದೆ ಹೊರಗಿನಿಂದ ಬಂದಿದ್ದ ಗುಮಾಸ್ತೆ ಫೋನಿನಲ್ಲಿ 'ಯಾವ ವರ್ಷ' ಎಂದು ಕೇಳಿದಳು, ಒತೀಲಿಯಾ 'ಎಪ್ಪತ್ತೊಂಬತ್ತು' ಎಂದರು. ಆಕೆ 'ತೇರ್ಗಡೆ' ಎಂದು ತಾನೇ ಸೇರಿಸಿ ಟೈಪು ಮಾಡಿದಳು.

"ಆಮೇಲೆ ನೋಡಲಿಲ್ಲವೇ?"

"ನೋಡಿದೆ. ಮೂರನೇ ವರ್ಷ ನೋಡಿದೆ." ಒತೀಲಿಯಾ ನನ್ನ ಕಣ್ಣನ್ನೇ ನೋಡುತ್ತಾರೆ. "ತಿದ್ದಿಸಬೇಕಿತ್ತು. ಓದೋಕೆ ಚೆನ್ನಾಗಿತ್ತು, ಸುಮ್ಮನಾದೆ. ಅದು ಗುಮಾಸ್ತೆ ತಪ್ಪಲ್ಲ, ನಂದು."

ಸಭೆಯಲ್ಲಿ ಮೊದಲು ಬಾಯಿ ಬಿಟ್ಟವಳು ಬೆರ್ನಿಸ್ ಆರ್ಚುಲೇಟಾ. ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸದವಳು, ಈ ವರ್ಷ ಅವಳ ಮಗಳು ಡೆಲ್ಫೀನಾ ಹೈಸ್ಕೂಲಿನ ಕೊನೆಯ ವರ್ಷ, ಹನ್ನೆರಡನೇ ಕ್ಲಾಸು. ಎರಡು ವರ್ಷದ ಹಿಂದೆ ಹುಡುಗಿ ಶಾಲೆ ಬಿಟ್ಟು ಅಂಗಡಿ ಸೇರಿದಾಗ ಒತೀಲಿಯಾ ಮೂರು ವಾರ ದಿನಾ ಕಿಟಕಿ ತಟ್ಟಿ ವಾಪಸ್ಸು ಎಳೆತಂದಿದ್ದರು. ಯಾವಾಗಲೂ 'ತೀಯಾ', ಚಿಕ್ಕಮ್ಮ, ಎನ್ನುವ ಬೆರ್ನಿಸ್ ಅವತ್ತು ಹೆಸರು ಹಿಡಿದು ಕೂಗಿದಳು.

"ಒತೀಲಿಯಾ! ನನ್ನ ಮಗಳಿಗೆ 'ಬಿಟ್ಟೋರು ಹಾಳಾಗ್ತಾರೆ' ಅಂತ ಬುದ್ಧಿ ಹೇಳ್ದೋಳು ನೀನು. ದೀಪದ ಬುಡದಲ್ಲೇ ಕತ್ತಲು! ನಮ್ಮ ಮಕ್ಕಳ ಮುಂದೆ ಯಾವ ಮುಖ ಇಟ್ಕೊಂಡು ನಿಂತ್ಕೋತೀಯ?"

ಒತೀಲಿಯಾ ಜೇಬಿನಿಂದ ರಾಜೀನಾಮೆ ತೆಗೆದು ಮೇಜಿನ ಮೇಲಿಟ್ಟರು. ಮಂಡಳಿಗೆ ಬರಲು ಓದಿರಲೇಬೇಕೆಂಬ ನಿಯಮ ಎಲ್ಲೂ ಇಲ್ಲ ಎಂದರು ಪ್ರೆಂಟಿಸ್. "ಆದ್ರೆ ಎರಡು ನವೀಕರಣದಲ್ಲಿ ಸುಳ್ಳು ಮಾಹಿತಿಗೆ ಸಹಿ ಮಾಡಿದ್ದೀರಿ. ಶಾಲೆಗೇ ಬೀಗ ಬಿದ್ರೆ?" ರಾಜೀನಾಮೆ ಒಪ್ಪಲು ಎಲೋಯ್ ಮತ್ತು ಪ್ರೆಂಟಿಸ್ ಕೈ ಎತ್ತಿದರು. ನರ್ಸು ಮತ್ತು ವಿಜ್ಞಾನಿ ಎತ್ತಲಿಲ್ಲ. ಎರಡಕ್ಕೆ ಎರಡು. ಸಮವಾದರೆ ಠರಾವು ಬಿದ್ದಂತೆ. ಒತೀಲಿಯಾ ಸ್ಥಾನ ಉಳಿಯಿತು, ಮರ್ಯಾದೆ ಉಳಿಯಲಿಲ್ಲ. ಅವರು ಹ್ಯಾಟು ಕೈಯಲ್ಲೇ ಹಿಡಿದು ಮನೆಗೆ ನಡೆದರು.

ಬಿಟ್ಟದ್ದು ಯಾಕೆ ಎಂದು ಅವತ್ತು ಯಾರೂ ಕೇಳಲಿಲ್ಲ. ಈಗ ಏರಿಯ ಮೇಲೆ ಕೂತು, ಟೋರ್ಟಿಯಾದಲ್ಲಿ ಬೀನ್ಸು ಸುತ್ತಿ ತಿನ್ನುತ್ತಾ, ತಾವಾಗಿಯೇ ಹೇಳುತ್ತಾರೆ. ಹತ್ತನೇ ಕ್ಲಾಸಿನ ಮಾರ್ಚ್ ತಿಂಗಳು. ಕಾಲುವೆಯ ಹೂಳು ತೆಗೆಸುವಾಗ ಆಗಿನ ನೀರುಗಂಟಿಯಾಗಿದ್ದ ಅಪ್ಪನ ಮೇಲೆ ದಂಡೆ ಕುಸಿದು ಸೊಂಟ ಮುರಿಯಿತು. ಅಣ್ಣ ಸೈನ್ಯದಲ್ಲಿದ್ದ. ನೀರು ಬಿಡುವ ಕಾಲ ಯಾರಿಗೂ ಕಾಯುವುದಿಲ್ಲ. ಹದಿನಾರರ ಹುಡುಗಿ ಅಪ್ಪನ ಹ್ಯಾಟು ಹಾಕಿಕೊಂಡು ಮಬ್ಬುಗತ್ತಲಲ್ಲಿ ಏರಿಗೆ ಬಂದಳು. ಮೊದಲ ತಿಂಗಳು ರೈತರು ಅಣ್ಣ ರಜಕ್ಕೆ ಬಂದಿದ್ದಾನೆ ಎಂದೇ ತಿಳಿದಿದ್ದರು.

"ಅಕ್ಟೋಬರ್‌ಗೆ ನೀರು ನಿಲ್ಲುತ್ತೆ, ಆಗ ಶಾಲೆಗೆ ಹೋಗೋಣ ಅಂದ್ಕೊಂಡಿದ್ದೆ. ಪುಸ್ತಕಕ್ಕೆ ಹೊಸ ರಟ್ಟೂ ಹಾಕಿದ್ದೆ. ಯಾರಾದ್ರೂ ಬಂದು 'ಬಾರೇ' ಅಂತಾರೇನೋ ಅಂತ ಕಾದೆ. ಮೇಷ್ಟ್ರು ಬರಲಿಲ್ಲ, ಗೆಳತೀರು ಬರಲಿಲ್ಲ. ಒಬ್ಬರೂ ಬಂದು ಕಿಟಕಿ ತಟ್ಟಲಿಲ್ಲ, ಮಿಹಾ."

ಹನ್ನೊಂದು ವರ್ಷದಿಂದ ಇವರು ಕಿಟಕಿ ತಟ್ಟುವುದನ್ನು ಊರು ಒಂದು ಖಯಾಲಿ ಎಂದು ನಗುತ್ತಿತ್ತು, ನಾನೂ ನಕ್ಕಿದ್ದೇನೆ. ನನಗೆ ನಾಚಿಕೆಯಾಗುತ್ತದೆ.

ಸಭೆಯ ಮರುದಿನ ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ನೀರುಗಂಟಿ ಏರಿಗೆ ಬರಲಿಲ್ಲ. ಅವತ್ತು ಬೆಳಗಿನ ಸರದಿ ಬೆರ್ನಿಸ್‌ಳ ಹೊಲದ್ದು. ಐದೂವರೆಗೆ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದ ಅವಳಿಗೆ ಕಂಡದ್ದು ಒಣ ಸಾಲು. ನಡೆದದ್ದನ್ನು ಬೆರ್ನಿಸ್ ತಾನೇ ನನಗೆ ಹೇಳುತ್ತಾಳೆ.

"ಸಿಟ್ಟು ನೆತ್ತಿಗೇರಿತ್ತು. ನಮ್ಮ ಸಲಿಕೆ ತಗೊಂಡು ಅವಳ ಮನೆ ಹಿಂದಕ್ಕೆ ಹೋದೆ. ಕಿಟಕಿ ಒಡೆದೇ ಹೋಗಬೇಕು ಹಂಗೆ ಬಡಿದೆ. 'ಏಳೇ! ನನ್ನ ಹೊಲಕ್ಕೆ ನೀರು ಬಂದಿಲ್ಲ!' ಅಂದೆ. ಒಳಗಿಂದ 'ಎದ್ದೆ' ಅಂದ್ಲು. ಅಳ್ತಾ ಇದ್ದ ಗಂಟಲು. ಆಗ ಡೆಲ್ಫೀನಾ ಹಾಸಿಗೇಲಿ ಮುಖ ಮುಚ್ಕೊಂಡು 'ಎದ್ದೆ' ಅಂತಿದ್ದದ್ದು ನೆನಪಾಯ್ತು. ಅದೇ ದನಿ! ನಾನು ಏನು ಹೇಳ್ಬೇಕು?"

"ಏನು ಹೇಳಿದಿರಿ?"

"ದೀಪ ಹಾಕು ತೀಯಾ, ನೋಡ್ತೀನಿ, ಅಂದೆ."

ಬೆರ್ನಿಸ್ ಅಷ್ಟಕ್ಕೇ ಬಿಡಲಿಲ್ಲ. ಊರ ಕಾಲೇಜಿನಲ್ಲಿ ಹೈಸ್ಕೂಲು ಮುಗಿಸದ ದೊಡ್ಡವರಿಗೆ ವಾರಕ್ಕೆರಡು ಸಂಜೆ ತರಗತಿಯಿದೆ. ಆ ಗುರುವಾರವೇ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಹೆಸರು ಬರೆಸಿದಳು. ಒತೀಲಿಯಾ ಸ್ವಂತ ಕೈಯಿಂದ ತಿದ್ದಿ ಬರೆದ ಫಾರಂ ಸರ್ಕಾರಿ ಕಚೇರಿಗೆ ಹೋಯಿತು. 'ತಿದ್ದುಪಡಿ ಸ್ವೀಕರಿಸಲಾಗಿದೆ, ನವೀಕರಣಕ್ಕೆ ಅಡ್ಡಿಯಿಲ್ಲ' ಎಂಬ ಒಂದು ಸಾಲು ಮೊನ್ನೆ ವಾಪಸ್ಸು ಬಂತು. ರಾಜೀನಾಮೆಗೆ ಕೈ ಎತ್ತಿದ್ದ ಎಲೋಯ್ ಕೆಫೆಯಲ್ಲಿ ಒತೀಲಿಯಾ ಮುಂದೆ ಬಂದು ಕೂತು ತಟ್ಟೆ ಸರಿಸಿದರಂತೆ. "ನಾವಿಬ್ಬರೇ ಇದ್ದೀವಿ, ಇದು ಸಭೆಯಲ್ಲ. ಈ ವರ್ಷದ ಮೂವತ್ತೊಂಬತ್ತು ಸರ್ಟಿಫಿಕೇಟು ನನ್ನ ಮೇಜಿನ ಮೇಲಿವೆ, ಬಂದು ಸಹಿ ಹಾಕಿ."

ಒತೀಲಿಯಾ ಹೋಗಿರಲಿಲ್ಲ. ನಿನ್ನೆ ಬೆರ್ನಿಸ್ ಎದುರಿಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. "ಡೆಲ್ಫೀನಾ ಸರ್ಟಿಫಿಕೇಟಿನಲ್ಲಿ ನಿನ್ನ ಸಹಿ ಇಲ್ಲದಿದ್ರೆ ನಾನು ಗೋಡೆಗೆ ಹಾಕಲ್ಲ ತೀಯಾ. ಮುಗಿಸದೋಳ ಸಹಿಯೇ ಬೇಕು ಅದಕ್ಕೆ." ಒತೀಲಿಯಾ ಸಂಜೆ ಹೋಗಿ ಮೂವತ್ತೊಂಬತ್ತಕ್ಕೂ ಸಹಿ ಹಾಕಿ ಬಂದರು.

ಸಂಜೆ ತರಗತಿ ಹೇಗಿದೆ ಎಂದು ಕೇಳುತ್ತೇನೆ. ಸಲಿಕೆ ಮಣ್ಣಿಗೆ ಊರಿ ನಗುತ್ತಾರೆ.

"ಇಂಗ್ಲಿಷ್ ವ್ಯಾಕರಣ ಜೀವ ತೆಗೀತಿದೆ. ಲೆಕ್ಕ ಪರವಾಗಿಲ್ಲ. ಆ ಚಿಕ್ಕ ಮೇಷ್ಟ್ರು ನನಗೆ ಭಿನ್ನರಾಶಿ ಹೇಳಿಕೊಡೋಕೆ ಬಂದ! ಎಪ್ಪತ್ತೊಂದು ತೂಬಿಗೆ ಒಂದು ಕಾಲುವೆ ನೀರು ಪಾಲು ಮಾಡಿದೋಳು ನಾನು. ಇಪ್ಪತ್ತಕ್ಕೆ ಇಪ್ಪತ್ತು ಬಂತು."

ಶಾಲೆಯವರು ವೆಬ್‌ಸೈಟಿಗೆ ಹೊಸ ಹಿನ್ನೆಲೆ ಕೇಳಿದ್ದಾರೆ, ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಈ ಸಲ ನಾನು ಪ್ರತಿ ಮಾತನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ನಲವತ್ತೆಂಟು ವರ್ಷದಿಂದ ನೀರುಗಂಟಿ. ವಿದ್ಯಾಭ್ಯಾಸದ ಖಾನೆಗೆ ಬಂದು 'ಹತ್ತನೇ ತರಗತಿಗೆ ಬಿಟ್ಟರು' ಎಂದು ಬರೆದು ಓದಿ ಹೇಳುತ್ತೇನೆ. ಬಗ್ಗಿ ತೂಬಿನ ಹಲಗೆ ಎತ್ತುತ್ತಿದ್ದ ಒತೀಲಿಯಾ ಹಾಗೇ ನಿಲ್ಲುತ್ತಾರೆ.

"ಹತ್ತನೇ ಕ್ಲಾಸು ಅನ್ನೋದು ಇರಲಿ, ಮಿಹಾ. 'ಬಿಟ್ಟರು' ತೆಗೆ. 'ಓದ್ತಾ ಇದ್ದಾರೆ' ಅಂತ ಹಾಕು."