ಇಲಿಗಳಿಗೆ ಪಥ್ಯ ಹೇಳಿದವರಿಲ್ಲ

ಮೊನ್ನೆ ಗಂಗಾವತಿಯ ಬಸ್ಸಿನಲ್ಲಿ ಪಕ್ಕದ ಸೀಟಿನ ಬಾಣಂತಿ ತನ್ನ ಕೂಸನ್ನು ಒಂದು ಗಳಿಗೆ ನನ್ನ ತೊಡೆಯ ಮೇಲೆ ಮಲಗಿಸಿ ಚೀಲ ಸರಿಮಾಡಿಕೊಂಡಳು. ಕೂಸಿನ ಮುಂಗೈಯಲ್ಲಿ ಕರಿದಾರಕ್ಕೆ ಪೋಣಿಸಿದ ಬಜೆ ಬೇರಿನ ತುಂಡುಗಳಿದ್ದವು. ಅದು ಕೈಯನ್ನು ಬಾಯಿಗೆ ಒಯ್ದು ಚೀಪಿದಾಗ ಬೇರಿನ ಘಾಟು ನನ್ನ ಮೂಗಿಗೆ ಹೊಡೆಯಿತು. ನಿಮಗೂ ಆ ವಾಸನೆ ಗೊತ್ತಿದ್ದೀತು. ಲೋಬಾನದ ಹೊಗೆ, ಕೂಸಿನ ಎಣ್ಣೆ ನೆತ್ತಿ ನೆನಪಾಗಿ ಮನಸ್ಸು ತಂಪಾದೀತು. ನನಗೆ ಹಾಗಾಗುವುದಿಲ್ಲ. ನನಗೆ ಮರಳಿ ಊರಿನ ನಮ್ಮ ಮನೆಯ ಕಟ್ಟೆ ನೆನಪಾಗುತ್ತದೆ, ಅದರ ಬೆನ್ನಿಗೇ ನನ್ನ ಓರಗೆಯ ಶಮಾ ನೆನಪಾಗುತ್ತಾಳೆ, ಆಮೇಲೆ ಬಾಯೆಲ್ಲ ಕಹಿ.

ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಯಾರದೋ ಭತ್ತದ ಗೋದಾಮು ಎದ್ದಿದೆ. ಆಗ, ಅಂದರೆ ಕೊಪ್ಪಳ ಬೇರೆ ಜಿಲ್ಲೆಯಾದ ತೊಂಬತ್ತೇಳರ ಆಸುಪಾಸಿನಲ್ಲಿ, ಭಾನುವಾರ ಬೆಳಗಾದರೆ ನಮ್ಮ ಕಟ್ಟೆಯ ಮೇಲೆ ಕೂರಲು ಜಾಗವಿರುತ್ತಿರಲಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯಿಂದೆಲ್ಲ ಮೂರ್ಛೆರೋಗದವರು ನನ್ನ ತಾತನನ್ನು ಹುಡುಕಿಕೊಂಡು ಬರುತ್ತಿದ್ದರು. ತಾತ ಹೇಮಗುಡ್ಡದ ಸುತ್ತ ಅಲೆದು ಸೊಪ್ಪು, ಬೇರು ತಂದು ನೆರಳಲ್ಲಿ ಒಣಗಿಸುತ್ತಿದ್ದ: ಬಜೆ, ಒಂದೆಲಗ, ಮತ್ತೆ ಯಾರಿಗೂ ಹೆಸರು ಹೇಳದ ಎರಡು ಬೇರು. ಕುಟ್ಟಿ, ಬಟ್ಟೆಯಲ್ಲಿ ಸೋಸಿದ ಪುಡಿಯನ್ನು ಜೇನಿನಲ್ಲಿ ಕಲಸಿ ವೀಳ್ಯದೆಲೆಯ ಮೇಲಿಟ್ಟು ನೆಕ್ಕಿಸುತ್ತಿದ್ದ. ಯಾರಿಂದಲೂ ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಪಥ್ಯದ ವಿಷಯಕ್ಕೆ ಬಂದರೆ ಮಾತ್ರ ಯಮ. ಬದನೆಕಾಯಿ ನಂಜು, ಕುಂಬಳ ನಂಜು, ಎಲ್ಲಕ್ಕಿಂತ ದೊಡ್ಡ ನಂಜು ಡಾಕ್ಟರ ಗುಳಿಗೆ. ಎರಡು ಮದ್ದು ಒಂದೇ ಹೊಟ್ಟೆಯಲ್ಲಿ ಜಗಳಾಡುತ್ತವೆ ಎನ್ನುತ್ತಿದ್ದ. ಒಳ್ಳೆಯ ಮನುಷ್ಯ, ದೇವರಾಣೆ ಒಳ್ಳೆಯ ಮನುಷ್ಯ. ನನ್ನ ಸಿಟ್ಟಿರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಆ ರೋಗ ನಮ್ಮ ಮನೆಯಲ್ಲೂ ಇತ್ತು. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಗಿರಿಜಾ ಸಾಲೆಯಲ್ಲಿ, ಅಂಗಳದಲ್ಲಿ, ಎಲ್ಲೆಂದರಲ್ಲಿ ಬೀಳುತ್ತಿದ್ದಳು. ಅವಳ ಪಾಲಿನ ಪುಡಿಯನ್ನು ತಾತ ಕಿನ್ನಾಳದ ಬಣ್ಣದ ಭರಣಿಯೊಂದರಲ್ಲಿ ಬೇರೆಯಾಗಿ ಇಟ್ಟಿದ್ದ. ದಿನಾ ಬೆಳಿಗ್ಗೆ ಅದನ್ನು ಜೇನಿನಲ್ಲಿ ಕಲಸಿ ತರುವುದು ಅವ್ವನ ಕೆಲಸ, ಎದುರಿಗೆ ಕೂತು ನೆಕ್ಕುವುದನ್ನು ನೋಡುವುದು ತಾತನ ಕೆಲಸ. ಎರಡು ವರ್ಷ ನೆಕ್ಕಿದರೂ ಬೀಳುವುದು ತಪ್ಪಲಿಲ್ಲ. ಒಂದು ದಿನ ಅಕ್ಕ ಒಲೆಯ ಮುಂದೆ ಬಿದ್ದು ಮೊಣಕೈ ಸುಟ್ಟುಕೊಂಡಳು. ಗಾಯ ಮಾಯುವ ಮೊದಲೇ ಅವ್ವ ತವರಿಗೆ ಹೋಗಿಬರುತ್ತೇನೆಂದು ಅವಳನ್ನು ಕರೆದುಕೊಂಡು ಹೊರಟಳು. ಹೋದದ್ದು ಕೊಪ್ಪಳದ ಡಾಕ್ಟರ ಬಳಿಗೆ. ಅಲ್ಲಿಂದಾಚೆ ಗಿರಿಜಾ ಬೀಳಲಿಲ್ಲ. ಆರು ತಿಂಗಳಾಯಿತು, ವರ್ಷವಾಯಿತು. ತನ್ನ ಪುಡಿಯೇ ಹಿಡಿಯಿತೆಂದು ಬೀಗುತ್ತಿದ್ದ ತಾತನ ಮುಖ ನೀವು ನೋಡಬೇಕಿತ್ತು! ಒಂದು ಬೆಳಿಗ್ಗೆ ನೀರು ಕುಡಿಯಲೆಂದು ಅಡುಗೆಮನೆಗೆ ಹೋದ ನಾನು, ಅವ್ವ ಬಿಳಿ ಗುಳಿಗೆಯೊಂದನ್ನು ಲಟ್ಟಣಿಗೆಯಿಂದ ಅರೆದು ಆ ಜೇನಿನೊಳಗೆ ಬೆರೆಸುವುದನ್ನು ಕಂಡೆ. ಅವ್ವ ಬೆಚ್ಚಿದಳು, ಆಮೇಲೆ ನನ್ನ ಗಲ್ಲ ಹಿಡಿದು ಮೆಲ್ಲಗೆ ಹೇಳಿದಳು: "ತಾತಗ ಹೇಳಿಗೀಳೀಯವ್ವ. ಆತನ ಮನಸೂ ಉಳೀಲಿ, ನನ್ನ ಮಗಳೂ ಉಳೀಲಿ." ಒಂಬತ್ತು ವರ್ಷದ ನನಗೆ ಅದು ಎಷ್ಟು ಜಾಣತನ ಅನ್ನಿಸಿತ್ತು.

ನಮ್ಮ ಮನೆಯಿಂದ ಮೂರನೆಯದು ಖಾಸಿಂಬಿ ಚಾಚಿಯ ಮನೆ. ಚಾಚಿಯ ಗಂಡನದು ಸೈಕಲ್ ರಿಪೇರಿ ಅಂಗಡಿ. ಒಬ್ಬಳೇ ಮಗಳು ಶಮಾ, ನನ್ನ ಕ್ಲಾಸಿನವಳು. ಅವಳಿಗೂ ಮೂರ್ಛೆ. ಗಂಗಾವತಿಯ ಡಾಕ್ಟರ ಗುಳಿಗೆ ನುಂಗುತ್ತಿದ್ದಳು. ಬೀಳುವುದು ನಿಂತಿತ್ತು, ಆದರೆ ಸಾಲೆಯಲ್ಲಿ ತೂಕಡಿಸುತ್ತಿದ್ದಳು, ಮಗ್ಗಿ ತಲೆಗೆ ಹತ್ತುತ್ತಿರಲಿಲ್ಲ. ಚಾಚಿಗೆ ಅದೇ ಕೊರಗು. ಮಗಳು ಗಿರಿಜಾಳ ಹಾಗೆ ಚುರುಕಾಗಬೇಕು ಎಂದು ಭಾನುವಾರ ಭಾನುವಾರ ಕಟ್ಟೆಗೆ ಬಂದು ಕೂರುತ್ತಿದ್ದಳು. ಗುಳಿಗೆ ಬಿಡಲು ಮಾತ್ರ ಧೈರ್ಯವಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ದೂರದ ಊರಿನ ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿ ಬಂದಳು. ನಾಟಿ ಮದ್ದುಗಳನ್ನು ಇಲಿಗಳ ಮೇಲೆ ಪರೀಕ್ಷೆ ಮಾಡುತ್ತಿದ್ದಾರಂತೆ. ಇಲಿಗೆ ಮದ್ದು ಕುಡಿಸಿ, ಕಿವಿಗೆ ಕರೆಂಟು ಮುಟ್ಟಿಸಿ ಮೂರ್ಛೆ ಬರಿಸಿ, ಕಾಲು ಎಷ್ಟು ಹೊತ್ತು ಸೆಟೆದಿರುತ್ತದೆಂದು ಗಡಿಯಾರ ಹಿಡಿದು ನೋಡುತ್ತಾರಂತೆ. ತಾತ ಹೆಮ್ಮೆಯಿಂದ ದೊಡ್ಡ ಡಬ್ಬಿಯ ಪುಡಿ ಕಟ್ಟಿಕೊಟ್ಟ. ಸುಗ್ಗಿ ಮುಗಿದ ಮೇಲೆ ಅವಳು ಮತ್ತೆ ಬಂದಳು. ಪಾಪ, ಕಾಗದ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಡಾಕ್ಟರ ಗುಳಿಗೆ ತಿಂದ ಇಲಿಗಳು ತಡೆದುಕೊಂಡವು, ಪುಡಿ ತಿಂದವು ಬರೀ ನೀರು ಕುಡಿದವುಗಳ ಹಾಗೆಯೇ ಸೆಟೆದುಕೊಂಡವು ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಯಾರೂ ಗುಳಿಗೆ ಬಿಡಬೇಡಿ ಎಂದು ಕಟ್ಟೆಯ ಮೇಲಿದ್ದವರಿಗೂ ಹೇಳಿದಳು.

ತಾತ ನಕ್ಕುಬಿಟ್ಟ. "ಇಲಿಗೆ ಪಥ್ಯ ಯಾರು ಹೇಳಿದ್ರವ್ವಾ? ಸಿಕ್ಕಿದ್ದು ತಿಂದಿರತೈತಿ ಅದು." ಕಟ್ಟೆಯೆಲ್ಲ ನಕ್ಕಿತು. ಆಮೇಲೆ ಗಿರಿಜಾಳನ್ನು ಕರೆದು ಮುಂದೆ ನಿಲ್ಲಿಸಿದ. "ಇಲಿ ಇರ್ಲಿ ಬಿಡು. ಈ ಹುಡುಗೀನ ನೋಡು. ಒಂದೂವರಿ ವರ್ಷ ಆತು, ಒಂದ್ಸಲನೂ ಬಿದ್ದಿಲ್ಲ." ಶಮಾಳನ್ನು ಒರಗಿಸಿಕೊಂಡು ಕೂತಿದ್ದ ಖಾಸಿಂಬಿ ಚಾಚಿಯ ಕಣ್ಣು ಗಿರಿಜಾಳ ಮೇಲಿಂದ ಕದಲಲಿಲ್ಲ. ಗಿರಿಜಾ ನೆಲ ನೋಡುತ್ತಿದ್ದಳು. ಬಂದ ಹುಡುಗಿಗೆಂದು ನೀರಿನ ತಂಬಿಗೆ ಹಿಡಿದು ಅವ್ವ ಬಾಗಿಲಲ್ಲೇ ನಿಂತಿದ್ದಳು. ಒಂದು ಮಾತು ಸಾಕಿತ್ತು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು, ತಂಬಿಗೆ ಕೆಳಗಿಟ್ಟು ಒಳಗೆ ಹೋದಳು.

ಚಾಚಿ ಆ ವಾರವೇ ಗುಳಿಗೆ ನಿಲ್ಲಿಸಿ ತಾತನ ಪುಡಿ ಶುರುಮಾಡಿದಳು. ಇಪ್ಪತ್ತು ದಿನವೂ ಆಗಿರಲಿಲ್ಲ. ಹಿತ್ತಿಲಿನ ಉಪಕಾಲುವೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಶಮಾ ಮೂರ್ಛೆ ಬಂದು ಅಲ್ಲೇ ಬೋರಲಾಗಿ ಬಿದ್ದಳು. ಮೊಣಕಾಲುದ್ದ ನೀರು. ನೋಡಿದವರು ಓಡಿ ಎತ್ತುವ ಹೊತ್ತಿಗೆ ಜೀವ ಹೋಗಿತ್ತು. ಮಣ್ಣಿಗೆ ಹೋಗಿಬಂದ ತಾತ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಚಾಚಿಯ ಮನೆಗೆ ಹೋಗಿ, ಮಗು ಪಥ್ಯ ಏನಾದರೂ ಮುರಿದಿತ್ತೇ ಎಂದು ಕೇಳಿದ. ಚಾಚಿ ಯೋಚಿಸಿದಳು. ನೆಂಟರ ಮದುವೆಯಲ್ಲಿ ದಾಲ್ಚಾ ಬಡಿಸಿದ್ದರು. ಅದರಲ್ಲಿನ ಬದನೆಕಾಯಿ ಹೋಳನ್ನು ಮಗಳು ಆಸೆಪಟ್ಟಳೆಂದು ತಾನೇ ತಿನ್ನಿಸಿದ್ದಳು. ತಾತ ನಿಟ್ಟುಸಿರುಬಿಟ್ಟು ಎದ್ದುಬಂದ. ಅಂದು ರಾತ್ರಿ ಉಂಡ. ಅವ್ವ ಬಡಿಸಿದಳು. ಆ ಊಟವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಅದೇ ಪಂಕ್ತಿಯಲ್ಲಿ ಕೂತು ಉಂಡ ನನ್ನನ್ನೂ.

ತಾತ ಹೋದ, ಅವ್ವನೂ ಹೋದಳು. ಕುಷ್ಟಗಿಯಲ್ಲಿ ಸಂಸಾರ ಮಾಡಿಕೊಂಡಿರುವ ಗಿರಿಜಾ ಈಗ ಎಲ್ಲರೆದುರೇ ಗುಳಿಗೆ ನುಂಗುತ್ತಾಳೆ. ಬಸ್ಸಿನಲ್ಲಿ ಆ ಕೂಸನ್ನು ಎತ್ತಿಕೊಂಡ ಮರುದಿನ ನಾನು ಮರಳಿಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಚಾಚಿಗೆ ಕಣ್ಣು ಮಂದವಾಗಿದೆ. ದನಿಯಿಂದಲೇ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಇಷ್ಟು ವರ್ಷದಲ್ಲಿ ಬದನೆಕಾಯಿ ಮನೆಯೊಳಗೆ ಬರಗೊಟ್ಟಿಲ್ಲವಂತೆ. "ನಿಮ್ಮ ತಾತ ದೇವರಂಥಾವ. ನಾನಽ ಕೈಯಾರೆ ತಿನಿಸಿ ಕಳಕೊಂಡೆ," ಎಂದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕೇಳಿದಳು, ಗಿರಿಜಾ ಹೇಗಿದ್ದಾಳೆಂದು. ಆರಾಮ ಅದಾಳ ಚಾಚಿ, ಅಂದೆ.

"ಇರಬೇಕಲ್ಲ ಬೇಟಿ. ನಿಮ್ಮವ್ವ ಪಥ್ಯ ಭಾಳ ಛಲೋ ಮಾಡಿಸಿದ್ಲು," ಎಂದು ಚಾಚಿ ನನ್ನ ಕೈ ಸವರಿದಳು.

ಹೌದು ಅಂದೆ.