ಕೈಗೆ ಗೊತ್ತಿರುವ ನೂರು

ಧಾರವಾಡದಿಂದ ತಂದಿದ್ದ ನನ್ನ ನೂರರ ನೋಟುಗಳೆಲ್ಲ ಹಳೆಯವು, ದೊಡ್ಡ ಅಳತೆಯವು. ಬೆಂಗಳೂರಲ್ಲಿ ಇಳಿದಾಗಿನಿಂದ ಆಟೋದವರು ಬೇಡ ಅಂದರು, ಹೋಟೆಲಿನವರು ಮುಖ ಸಿಂಡರಿಸಿದರು. ಮಧ್ಯಾಹ್ನ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಸೇವಂತಿಗೆ ಕೊಂಡು, ಹೂವಿನಾಕೆಯನ್ನು ಅಳುಕುತ್ತಲೇ ಕೇಳಿದೆ: ‘ಹಳೇ ನೋಟ್ ಐತಿ, ನಡೀತೈತೇನ್ರಿ?’

‘ಅಯ್ಯೋ, ಕೊಡಿ ಸಾರ್!’ ಎಂದು ಇಸಿದುಕೊಂಡು, ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಗಂಡನ ಕೈಗಿಟ್ಟಳು. ಅವರಿಗೆ ಕಣ್ಣು ಕಾಣಿಸದೆಂದು ನನಗೆ ತಿಳಿದದ್ದು ಆಗಲೇ.

‘ಹೊಸಾ ನೋಟಲ್ಲಿ ಐವತ್ತು ಯಾವ್ದು, ನೂರು ಯಾವ್ದು ಇವ್ರಿಗೆ ಗೊತ್ತಾಗಲ್ಲ. ಹೋದ್ವಾರ ಚಿಲ್ಲರೆ ಕೊಡೋವಾಗ ಐವತ್ತು ಅಂತ ನೂರು ಕೊಟ್ಬಿಟ್ರು. ಆವತ್ತಿಂದ ಅಂಗಡೀಲಿ ಒಬ್ರೇ ಕೂರಕ್ಕೆ ಹೆದರ್ತಾರೆ. ಹಳೇದಾದ್ರೆ ಕೈಗೆ ಗೊತ್ತು.’

ನನ್ನಲ್ಲಿ ಇನ್ನೂ ಐದಿದ್ದವು. ಅಷ್ಟನ್ನೂ ಅವರ ಮುಂದಿಟ್ಟು ಐನೂರರ ಒಂದು ನೋಟು ಕೇಳಿದೆ. ಆಕೆ ಗಲ್ಲಾದಿಂದ ತೆಗೆದುಕೊಟ್ಟಳು.

ಗಂಡ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ಒಂದೊಂದೇ ನೋಟಿನ ಅಂಚು ಸವರಿ, ‘ನೂರು... ನೂರು...’ ಎನ್ನುತ್ತ ಎಲ್ಲವನ್ನೂ ಜೋಡಿಸಿ ಅಂಗಿಯ ಜೇಬಿಗಿಟ್ಟರು. ಆಮೇಲೆ ಹೆಂಡತಿಯ ಕಡೆ ಮುಖ ತಿರುಗಿಸಿದರು.

‘ನೀನು ಮನೇಗ್ ಹೋಗಿ ಊಟ ಮಾಡ್ಕೊಂಡು ಬಾ. ನಾನ್ ನೋಡ್ಕೋತೀನಿ.’